ಅಪ್ಪನ ಸಾಲ, ಮಗಳ ಪ್ರೀತಿ: ಗೂಢಚರ್ಯೆಯ ಕಥೆ ಕಟ್ಟುವ ಬಗೆ

ಮಿತ್ರರೇ,

ಅಪ್ಪನ ಸಾಲ ಒಂದು ಕಡೆ, ಪ್ರೀತಿಸಿದವನು ಇನ್ನೊಂದು ಕಡೆ, ನಡುವೆ ಗೂಢಚಾರರು. ಇಂಥ ಕಥೆ ಮುಗ್ಗರಿಸುವುದು ಗೂಢಚರ್ಯೆಯಲ್ಲಲ್ಲ, ಸಾಲದಲ್ಲಿ. "ಮನೆ ಸಾಲದಲ್ಲಿ ಮುಳುಗಿತ್ತು" ಎಂದಷ್ಟೇ ಬರೆದು ಮುಂದೆ ಹೋದರೆ, ಓದುಗರು ಕೇಳದೆ ಬಿಡುವುದಿಲ್ಲ: ಅಪ್ಪನ ಸಾಲಕ್ಕೆ ಇವಳೇಕೆ ಹೊಣೆ?

ಉತ್ತರ ಕಾಗದದಲ್ಲಿರಬೇಕು. ಅವಳು ಜಾಮೀನಿಗೆ ಸಹಿ ಹಾಕಿರಬಹುದು. ಕಥೆ ಶೀತಲ ಸಮರದ ಕಾಲದಲ್ಲಿ ಪಶ್ಚಿಮ ಜರ್ಮನಿಯ ರಾಜಧಾನಿಯಾಗಿದ್ದ ಬಾನ್ ನಗರದಲ್ಲಿ ನಡೆಯುವುದಾದರೆ ಇನ್ನೂ ಒಳ್ಳೆಯ ದಾರಿಯಿದೆ. ಜರ್ಮನಿಯ ಕಾನೂನಿನಲ್ಲಿ, ಅಪ್ಪ ತೀರಿಕೊಂಡ ಮೇಲೆ ವಾರಸುದಾರಿಕೆ ಬೇಡವೆನ್ನಲು ಸಾಮಾನ್ಯವಾಗಿ 6 ವಾರಗಳ ಗಡುವು. ಸುಮ್ಮನಿದ್ದರೆ ಒಪ್ಪಿದಂತೆ, ಆಸ್ತಿಯ ಜೊತೆ ಸಾಲವೂ ಹೆಗಲೇರುತ್ತದೆ. ಬೇಡವೆಂದರೆ ತಾಯಿ ಇರುವ ಮನೆಯ ಪಾಲು ಕೈಬಿಡುತ್ತದೆ. ಆ ಆರು ವಾರಗಳಲ್ಲೇ ಅವಳಿಗೆ ಪ್ರೇಮಿಯ ಪರಿಚಯವಾಗಲಿ.

ಆಮೇಲೆ ಲೆಕ್ಕ ಹಾಕಿ. ಸಂಬಳ 100 ಪಾಲು ಎಂದಿಟ್ಟುಕೊಳ್ಳಿ. ಮನೆ ಖರ್ಚಿಗೆ 70, ಕಂತಿಗೆ 45. ತಿಂಗಳಿಗೆ 15 ಕೊರತೆ. ಚಾಣಾಕ್ಷ ಹ್ಯಾಂಡ್ಲರ್, ಅಂದರೆ ಅವಳಿಂದ ಗೂಢಚರ್ಯೆ ಮಾಡಿಸುವವನು, ಸಾಲವನ್ನೆಲ್ಲ ಒಮ್ಮೆಗೇ ತೀರಿಸುವುದಿಲ್ಲ, ಆ 15 ಮಾತ್ರ ತುಂಬುತ್ತಾನೆ. ಸಾಲ ತೀರಿದವಳು ಎದ್ದು ಹೋಗಬಲ್ಲಳು. ಜೊತೆಗೆ, ದಿಢೀರ್ ಹಣ ಕಣ್ಣಿಗೆ ಬೀಳುತ್ತದೆ. 1985ರಲ್ಲಿ ಸಾಲದ ಒತ್ತಡದಲ್ಲಿ ಸೋವಿಯತ್ ರಾಯಭಾರ ಕಚೇರಿಯ ಬಾಗಿಲು ತಟ್ಟಿದ ಸಿಐಎ ಅಧಿಕಾರಿ ಆಲ್ಡ್ರಿಚ್ ಏಮ್ಸ್, ಮುಂದೆ 5,40,000 ಡಾಲರ್ ಮನೆಯನ್ನು ನಗದು ಕೊಟ್ಟು ಕೊಂಡ. ತನಿಖೆ ಅವನತ್ತ ತಿರುಗಲು ಇಂಥ ಖರ್ಚೂ ಕಾರಣವಾಯಿತು, 1994ರಲ್ಲಿ ಸಿಕ್ಕಿಬಿದ್ದ.

ಹ್ಯಾಂಡ್ಲರ್ ಅವಳ ಮುಂದಿಡುವ ಮೊದಲ ಬೇಡಿಕೆ ನಿರಪಾಯವಾಗಿರಲಿ: ಕಚೇರಿಯ ಫೋನ್ ಪಟ್ಟಿ ಸಾಕು. ಹಣಕ್ಕೆ ರಸೀದಿ ಬರೆಸಿಕೊಳ್ಳಲಿ. ಫೋನ್ ಪಟ್ಟಿಗೆ ಬೆಲೆಯೇನೂ ಇಲ್ಲ; ಅವಳನ್ನು ಕಟ್ಟಿಹಾಕುವುದು ಆ ಸಹಿ.

ಪ್ರೇಮಿಯ ಪಾತ್ರದಲ್ಲಿ ನನ್ನ ಹಟ ಒಂದೇ: ಅವನನ್ನು ಪೂರ್ತಿ ಸುಳ್ಳು ಮಾಡಬೇಡಿ. ಬಾನ್‌ನ ವಿದೇಶಾಂಗ ಕಚೇರಿಯ ಕಾರ್ಯದರ್ಶಿ ಲಿಯೊನೋರಾ ಸುಟರ್ಲಿನ್‌ಳನ್ನು 1960ರಲ್ಲಿ ಮದುವೆಯಾದವನು ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಯವನು. 1967ರಲ್ಲಿ ಬಂಧನವಾದ ಮೇಲೆ, ಮದುವೆಯೇ ಅವನ ಕೆಲಸದ ಭಾಗವಾಗಿತ್ತೆಂದು ತಿಳಿದು ಅವಳು ಸೆರೆಯಲ್ಲೇ ಪ್ರಾಣ ಬಿಟ್ಟಳು. ಪಶ್ಚಿಮ ಜರ್ಮನಿಯ ಗುಪ್ತಚರ ಸಂಸ್ಥೆಯಲ್ಲಿದ್ದು ಪೂರ್ವ ಜರ್ಮನಿಗೆ ಮಾಹಿತಿ ಕೊಟ್ಟ ಗೇಬ್ರಿಯೆಲೆ ಗಾಸ್ಟ್‌ಳ ಕಥೆ ಬೇರೆ. 1968ರಲ್ಲಿ ಪೂರ್ವ ಜರ್ಮನಿಯಲ್ಲಿ ಹುಟ್ಟಿದ ಪ್ರೀತಿಯ ಜೊತೆ ಶುರುವಾದ ಅವಳ ಗೂಢಚರ್ಯೆ 1990ರ ಬಂಧನದವರೆಗೂ ನಡೆಯಿತು. ಅಷ್ಟು ವರ್ಷವನ್ನು ಬರೀ ನಟನೆ ಎಂದು ತಳ್ಳಿಹಾಕಲು ಮನಸ್ಸು ಒಪ್ಪುವುದಿಲ್ಲ.

ನಿಮ್ಮ ನಾಯಕಿಯನ್ನೂ ಪ್ರೇಮಿಯನ್ನೂ ಒಂದೇ ಮೇಜಿಗೆ ತರಲು, ಗೂಢಚಾರರು ಕಾಗದಪತ್ರಗಳ ಚಿತ್ರ ತೆಗೆಯಲು ಬಳಸುತ್ತಿದ್ದ ಪುಟ್ಟ ಮಿನಾಕ್ಸ್ ಕ್ಯಾಮೆರಾ ಒದಗುತ್ತದೆ. ಅದರ ನೆಗೆಟಿವ್ 8×11 ಮಿ.ಮೀ. ಮಾತ್ರ, ತೀರಾ ಹತ್ತಿರದ ಫೋಕಸ್ 20 ಸೆಂ.ಮೀ. ದೂರ ಅಳೆಯಲು ಗುರುತುಗಳಿರುವ ಸರಪಳಿ ಜೊತೆಗಿರುತ್ತದೆ. ಅಷ್ಟು ಹತ್ತಿರದಲ್ಲಿ ಒಂದೆರಡು ಸೆಂ.ಮೀ. ತಪ್ಪಿದರೂ ಅಕ್ಷರ ಮಸುಕು. ಹಾಳೆ ಮಡಿಕೆ ಬಿದ್ದಿದ್ದರೆ ಅಂಚು ಕೆಡುತ್ತದೆ, ದೀಪ ನೆತ್ತಿಯ ಮೇಲಿದ್ದರೆ ಕೈಯ ನೆರಳು ಬೀಳುತ್ತದೆ. ಅವಳು ಹಾಳೆ ಒತ್ತಿ ಹಿಡಿಯಲಿ, ಅವನು ಸರಪಳಿ ಎಳೆದು ಅಳೆಯಲಿ. ಇಲ್ಲಿ ಸಂಭಾಷಣೆ ಬೇಕಿಲ್ಲ.

ಇನ್ನೊಂದು ಮಾತು. ಪ್ರತಿ ಭೇಟಿಯ ನಂತರ ಪ್ರೇಮಿ ತನ್ನ ಮೇಲಿನವರಿಗೆ ವರದಿ ಬರೆಯಬೇಕು: ದಿನಾಂಕ, ಕೊಟ್ಟ ಹಣ, ಅವಳ ಮನಃಸ್ಥಿತಿ. ಅಂಥ ಒಂದು ವರದಿಯನ್ನು ಇಡಿಯಾಗಿ ಕಥೆಯೊಳಗೆ ಕೊಡಿ. ಹಿಂದಿನ ಅಧ್ಯಾಯದಲ್ಲಿ ಓದುಗರು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಮಾತ್ರ ಅವನು ಅದರಲ್ಲಿ ಬರೆಯದೆ ಬಿಡಲಿ.