ಆರು ವರ್ಷ ತುಂಬಲಿ ಬಿಡಿ

ಎಲ್ಲರಿಗೂ ನಮಸ್ಕಾರ. ಮಾಸ್ತರುಗಳಿದ್ದೀರಿ, ಅಕ್ಕೋರುಗಳಿದ್ದೀರಿ, ಅಂಗನವಾಡಿಯಿಂದ ಬಂದವರಿದ್ದೀರಿ, ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಸಮಿತಿಯ ಸದಸ್ಯರೂ ಇದ್ದೀರಿ. ಇಂಥ ಸಭೆ ಸಿಗೋದೇ ಅಪರೂಪ. ಹಾಗಾಗಿ ಪೀಠಿಕೆ ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ.

ಜೂನ್ ಬಂತೆಂದರೆ ರಾಯಚೂರಿನ ಓಣಿ ಓಣಿಯಲ್ಲೂ ಒಂದೇ ಮಾತು: ಅಡ್ಮಿಷನ್ ಆಯ್ತಾ? ಮಗುವಿಗೆ ಇನ್ನೂ ಮೂರು ತುಂಬಿರೋದಿಲ್ಲ, ಆಗಲೇ ಟೈ, ಬೂಟು, ಡೈರಿ. 1ನೇ ತರಗತಿಗೆ ಸೇರಲು ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅಂತ ಸರ್ಕಾರ 2022ರಲ್ಲಿ ಆದೇಶ ಮಾಡಿತು. ಜಾರಿಯಾಗಬೇಕಿದ್ದದ್ದು 2025-26ರಲ್ಲಿ. ಆಗ ಏನಾಯ್ತು ಅಂತ ನಿಮಗೆ ಗೊತ್ತೇ ಇದೆ. ಪಾಲಕರು ಗಲಾಟೆ ಮಾಡಿದರು. ಆ ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳಾದರೂ ಸಾಕು ಅಂತ ಸಡಿಲ ಮಾಡಬೇಕಾಯಿತು. "ನಮ್ಮ ಹುಡುಗಂದು ಒಂದು ವರ್ಷ ವೇಸ್ಟ್ ಆಗ್ತದ್ರಿ" ಅನ್ನೋ ಮಾತನ್ನು ಎಲ್ಲ ಕಡೆ ಕೇಳಿದೆ. ಇವತ್ತು ಇಲ್ಲಿಗೆ ಬರಲು ಒಪ್ಪಿದ್ದೇ ಈ ಮಾತಿಗೆ ಉತ್ತರ ಕೊಡಲಿಕ್ಕೆ. ಐದು ವರ್ಷದ ಮಗು ಅಂಗಳದಲ್ಲಿ ಮಣ್ಣು ಕಲಸುತ್ತಾ ಕೂತರೆ ಅದರ ಒಂದು ದಿನವೂ ವೇಸ್ಟ್ ಆಗೋದಿಲ್ಲ.

ಕೈಯನ್ನೇ ತಗೊಳ್ಳಿ. ನಮ್ಮ ಮಣಿಕಟ್ಟಿನಲ್ಲಿ 8 ಸಣ್ಣ ಎಲುಬುಗಳಿವೆ. ಆಗ ತಾನೇ ಹುಟ್ಟಿದ ಮಗುವಿನ ಎಕ್ಸ್‌ರೇ ತೆಗೆದರೆ ಸಾಮಾನ್ಯವಾಗಿ ಅದರಲ್ಲಿ ಒಂದೂ ಕಾಣೋದಿಲ್ಲ. ಅಷ್ಟು ಮೆತ್ತಗಿರುತ್ತವೆ. ಆಮೇಲೆ ಒಂದೊಂದಾಗಿ ಗಟ್ಟಿಯಾಗುತ್ತಾ ಬರುತ್ತವೆ. ಕೊನೆಯದರ ಸರದಿ ಬರುವ ಹೊತ್ತಿಗೆ ಮಗುವಿಗೆ ಹತ್ತರ ಆಸುಪಾಸು. ನಾವು ಮೂರು ವರ್ಷದ ಕೈಗೆ ಪೆನ್ಸಿಲ್ ಕೊಟ್ಟು ಪುಟಗಟ್ಟಲೆ ಎಬಿಸಿಡಿ ಬರೆಸುತ್ತೇವೆ. ಬೆರಳು ನೋಯ್ತದೆ ಅಂತ ಅತ್ತರೆ ಸೋಮಾರಿ ಅಂತೀವಿ. ಅದೇ ಮಗು, ಅವ್ವ ರೊಟ್ಟಿ ಬಡಿಯುವಾಗ ಒಂದು ಹಿಟ್ಟಿನ ಉಂಡೆ ಇಸಿದುಕೊಂಡು ಕೂತರೆ ಬೇಗ ಏಳೋದೇ ಇಲ್ಲ. ಬಡಿಯುತ್ತೆ, ಹರಿಯುತ್ತೆ, ಮತ್ತೆ ಉಂಡೆ ಕಟ್ಟುತ್ತೆ. ಯಾರೂ ಹೇಳಿರೋದಿಲ್ಲ, ಬೈದಿರೋದಿಲ್ಲ. ಬರೆಯುವ ಕೈ ತಯಾರಾಗೋದು ಅಲ್ಲಿ.

ಇದನ್ನು ಹೇಳಿದ ಕೂಡಲೇ ಒಂದು ಮಾತು ಬರುತ್ತೆ. "ಇವೆಲ್ಲ ಬೆಂಗಳೂರಿನ ದುಡ್ಡಿದ್ದವರ ಶಾಲೆಗೆ ಸರಿ, ನಮ್ಮ ದೇವದುರ್ಗ, ಮಸ್ಕಿ ಕಡೆ ನಡೆಯೋದಿಲ್ರಿ." ಹೀಗೆ ಕೈಯಿಂದ ಮಾಡುತ್ತಾ ಕಲಿಸುವ, ಮಾಂಟೆಸ್ಸರಿ ಅಂತ ಬೋರ್ಡ್ ಇದ್ದ ಕಡೆ ಫೀಸು ಜಾಸ್ತಿ ಇರೋದರಿಂದ ಹಾಗೆ ಅನ್ನಿಸೋದು ಸಹಜ. ಆದರೆ ಈ ಪದ್ಧತಿಯನ್ನು ಇಟಲಿಯ ಮರಿಯಾ ಮಾಂಟೆಸ್ಸರಿ ಶುರು ಮಾಡಿದ್ದು ಎಲ್ಲಿ? 1907ರ ಜನವರಿಯಲ್ಲಿ, ರೋಮ್ ನಗರದ ಸ್ಯಾನ್ ಲೊರೆಂಜೊ ಅನ್ನೋ ಬಡವರ ಓಣಿಯಲ್ಲಿ. ಅಪ್ಪ ಅವ್ವ ಇಬ್ಬರೂ ಕೂಲಿಗೆ ಹೋಗೋರು. ಮಕ್ಕಳು ಇಡೀ ದಿನ ಕಟ್ಟಡದಲ್ಲಿ ಓಡಾಡಿಕೊಂಡು ಗೋಡೆ ಹಾಳು ಮಾಡುತ್ತಿದ್ದವು. ಅವನ್ನು ಒಂದು ಕಡೆ ಕೂಡಿಸಲಿಕ್ಕೆ ಕಟ್ಟಡದವರು ಒಂದು ಕೋಣೆ ಕೊಟ್ಟರು. ಅಷ್ಟೇ. ಮಾಂಟೆಸ್ಸರಿ ಡಾಕ್ಟರು. ಪಾಠ ಹೇಳಲಿಕ್ಕೆ ಅವಸರ ಮಾಡಲಿಲ್ಲ, ಮೊದಲು ಮಕ್ಕಳನ್ನು ನೋಡಿದರು.

ಅಲ್ಲಿಯ ಒಂದು ಪ್ರಸಂಗ ನನಗೆ ಬಹಳ ಇಷ್ಟ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಡಿಸೆಂಬರ್ ತಿಂಗಳು, ಹಿತವಾದ ಬಿಸಿಲು. ನಮ್ಮ ಮಾಳಿಗೆಯಂತೆ ಅಲ್ಲೂ ಓಡಾಡುವಂಥ ಚಾವಣಿ. ಮಕ್ಕಳನ್ನೆಲ್ಲ ಕರೆದುಕೊಂಡು ಮಾಂಟೆಸ್ಸರಿ ಮೇಲೆ ಹೋದರು. ಮಕ್ಕಳು ಆಡುತ್ತಿದ್ದವು. ಇವರು ಹೊಗೆಗೂಡಿನ ಪಕ್ಕ ಕೂತಿದ್ದರು. ಹತ್ತಿರ ಐದು ವರ್ಷದ ಒಬ್ಬ ಹುಡುಗ. "ಈ ಹೊಗೆಗೂಡಿನ ಚಿತ್ರ ತೆಗಿಯಪ್ಪ" ಅಂತ ಸೀಮೆಸುಣ್ಣ ಕೊಟ್ಟರು. ಅವನು ನೆಲದ ಮೇಲೇ ಗೀಚಿದ. ಚೆನ್ನಾಗಿದೆ ಅಂದರು. ಹುಡುಗ ಇವರ ಮುಖ ನೋಡಿದ, ನಕ್ಕ, ಒಂದು ಗಳಿಗೆ ಹಾಗೇ ನಿಂತ. ಆಮೇಲೆ ಒಮ್ಮೆಲೇ ಕೂಗಿದನಂತೆ. ನಮ್ಮ ಹುಡುಗರು ಹೇಳುವ ಹಾಗೆ ಹೇಳಬೇಕೆಂದರೆ, "ನನಗ ಬರೀಲಿಕ್ಕ ಬರ್ತದ! ನನಗ ಬರೀಲಿಕ್ಕ ಬರ್ತದ!" ಮತ್ತೆ ಮಂಡಿಯೂರಿ ಕೂತು 'ಕೈ' ಅಂತ ಬರೆದ. ಆಮೇಲೆ 'ಹೊಗೆಗೂಡು', 'ಚಾವಣಿ'. ಅವನ ಕೂಗು ಕೇಳಿ ಉಳಿದ ಮಕ್ಕಳು ಓಡಿ ಬಂದವು, ನನಗೂ ಸೀಮೆಸುಣ್ಣ ಕೊಡಿ ಅಂದವು, ಅವೂ ಬರೆದವು.

ಅಲ್ಲಿಯವರೆಗೆ ಯಾರೂ ಅವರಿಂದ ಪದ ತಿದ್ದಿಸಿರಲಿಲ್ಲ. ಹಾಗಂತ ಸುಮ್ನೆ ಬಿಟ್ಟಿರಲೂ ಇಲ್ಲ, ಇದನ್ನು ಮರೆಯಬೇಡಿ. ಅಕ್ಷರದ ಆಕಾರದ ಮೇಲೆ ಬೆರಳಾಡಿಸಿದ್ದರು, ಅದರ ಸದ್ದು ಕೇಳಿದ್ದರು, ಚಿತ್ರಕ್ಕೆ ಬಣ್ಣ ತುಂಬಿ ಕೈ ಪಳಗಿಸಿದ್ದರು. ಎಲ್ಲ ತಯಾರಿ ಒಳಗೇ ನಡೆದಿತ್ತು. ಹೊರಗೆ ಬರುವ ದಿನವನ್ನು ಮಗುವೇ ಆರಿಸಿತು. ದುಡ್ಡಿದ್ದವರ ಮಕ್ಕಳಲ್ಲ ಅವು, ಕೂಲಿಯವರ ಮಕ್ಕಳು.

ನಮ್ಮ ದೇಶದಲ್ಲೂ ಇದೇ ಕಥೆ. ಮಹಾರಾಷ್ಟ್ರದ ಕೋಸಬಾಡದಲ್ಲಿ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಆದಿವಾಸಿ ಮಕ್ಕಳ ಹಟ್ಟಿಗಳಿಗೇ ಬಾಲವಾಡಿಯನ್ನು ಒಯ್ದರು. ಮಗು ಶಾಲೆಗೆ ಬರಲಾಗದಿದ್ದರೆ ಶಾಲೆ ಅಂಗಳಕ್ಕೆ ಹೋಗಲಿ ಅಂದರು. ಅಂಗನವಾಡಿ ಅಕ್ಕೋರೇ, ನೀವು ಆ ಮನೆತನದವರು.

ಈಗ ನಲಿಕಲಿಗೆ ಬರುತ್ತೇನೆ, ಅಂದರೆ ಸರ್ಕಾರಿ ಶಾಲೆಯ ಸಣ್ಣ ತರಗತಿಗಳಲ್ಲಿ ಮಕ್ಕಳು ಕಾರ್ಡ್ ಹಿಡಿದು ತಮ್ಮ ವೇಗದಲ್ಲಿ ಕಲಿಯುವ ಪದ್ಧತಿಗೆ. 1995ರಲ್ಲಿ ಎಚ್.ಡಿ. ಕೋಟೆಯ ಸರ್ಕಾರಿ ಶಾಲೆಗಳ ಮಾಸ್ತರುಗಳು ಆಂಧ್ರದ ರಿಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು ಕಟ್ಟಿದ್ದು. 2009-10ರಲ್ಲಿ ರಾಜ್ಯಕ್ಕೆಲ್ಲ ಬಂತು. "ಅ ಆ ಇ ಈ ಬಿಟ್ಟು ರ ಗ ಸ ದ ಅ ಕಲಿಸ್ತಾರಲ್ರಿ" ಅಂತ ಊರವರು ಜಗಳಕ್ಕೆ ಬಂದದ್ದು ನಿಮಗೆ ನೆನಪಿರಬೇಕು. ಆ ಐದೇ ಅಕ್ಷರದಲ್ಲಿ ಮಗು ಸರ, ಅರಸ, ಅಗಸ, ಗರಗಸ ಎಲ್ಲ ಓದುತ್ತೆ, ಅಲ್ವಾ? ಐವತ್ತು ಅಕ್ಷರ ಮುಗಿಯುವ ತನಕ ಕಾಯಬೇಕಿಲ್ಲ.

ನಮ್ಮ ಜಿಲ್ಲೆಗೆ ಇದು ಯಾಕೆ ಬೇಕು ಅಂದರೆ, ಗುಳೆ. ಅಪ್ಪ ಅವ್ವ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೊರಡುತ್ತಾರೆ, ಮಗುವೂ ಹೊರಡುತ್ತೆ. ತಿಂಗಳುಗಟ್ಟಲೆ ಬಿಟ್ಟು ವಾಪಸ್ ಬಂದರೆ ಮಾಮೂಲಿ ಕ್ಲಾಸಿನಲ್ಲಿ ಎಂಟು ಪಾಠ ಮುಂದೆ ಹೋಗಿರುತ್ತವೆ. ಮಗು ಹಿಂದಿನ ಸಾಲಿನಲ್ಲಿ ಕೂರುತ್ತೆ, ಮೆಲ್ಲಗೆ ಶಾಲೆ ಬಿಡುತ್ತೆ. ಹತ್ತಿ ಬಿಡಿಸಲು ಹೋದ ಹುಡುಗಿಯ ಗತಿಯೂ ಅದೇ. ನಲಿಕಲಿಯಲ್ಲಿ ಆ ಮಗು ಗೋಡೆ ಮೇಲಿನ ಕಲಿಕೆಯ ಏಣಿ ಪಟದಲ್ಲಿ ತಾನು ಬಿಟ್ಟ ಮೆಟ್ಟಿಲು ಹುಡುಕಿ, ಅದರ ಕಾರ್ಡ್ ತಗೊಂಡು ಅಲ್ಲಿಂದಲೇ ಶುರು ಮಾಡಬಹುದು. ಫೇಲ್ ಅನ್ನೋರಿಲ್ಲ, ನಾಚಿಕೆ ಇಲ್ಲ. ದೊಡ್ಡ ಮಗು ಪಕ್ಕದಲ್ಲಿ ಕೂತು ಹೇಳಿಕೊಡುತ್ತೆ. ಎಲ್ಲ ಅನುಕೂಲ ಇರುವ ಮಗು ಎಂಥ ಶಾಲೆಯಲ್ಲೂ ಹೇಗೋ ಕಲಿತುಕೊಳ್ಳುತ್ತೆ. ಗುಳೆ ಹೋಗಿ ಬಂದ ಮಗುವಿಗೆ ಅದರ ಹೆಜ್ಜೆಗೆ ಕಾಯುವ ಶಾಲೆಯೇ ಬೇಕು. ಅದಕ್ಕೇ ಮತ್ತೆ ಹೇಳುತ್ತೇನೆ, ಇದು ದುಡ್ಡಿದ್ದವರ ಶೋಕಿ ಅಲ್ಲ.

ಕಷ್ಟ ಇಲ್ಲ ಅಂತಲ್ಲ. ಒಬ್ಬರೇ ಅಕ್ಕೋರು, ಐದು ತಟ್ಟೆ ಅಂದರೆ ಮಕ್ಕಳ ಐದು ಗುಂಪು, ಒಂದಕ್ಕಿಂತ ಹೆಚ್ಚು ತರಗತಿ, ಅದರ ಮೇಲೆ ದಾಖಲೆ ತುಂಬುವ ಕೆಲಸ. ಅದು ಪದ್ಧತಿಯ ತಪ್ಪಲ್ಲ, ಕೈ ಸಾಲದ ತೊಂದರೆ. ಆ ಕೈ ಕೊಡಿ ಅಂತ ಕೇಳೋಣ.

ಚೀಟಿ ಬಂತು, ಊಟ ಆರುತ್ತಿದೆಯಂತೆ. ಉಳಿದದ್ದನ್ನು ಓಡಿಸಿಬಿಡುತ್ತೇನೆ. ಮನೆಮಾತು: ತಾಂಡಾದ ಮಗುವಿಗೆ ಲಂಬಾಣಿ, ಗಡಿ ಹಳ್ಳಿಯ ಮಗುವಿಗೆ ತೆಲುಗು. ಮೊದಲ ತಿಂಗಳುಗಳಲ್ಲಿ ಅದನ್ನು ತಡೆಯಬೇಡಿ. ಹೊಡೆತ: ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯೋದನ್ನೂ ಮನಸ್ಸಿಗೆ ಹಿಂಸೆ ಕೊಡೋದನ್ನೂ ನಿಷೇಧಿಸಿದೆ, ವಿವರಣೆ ಬೇಡ. ಪರೀಕ್ಷೆಯ ವಿಷಯ ಇನ್ನೊಂದು ದಿನ.

ಎಸ್‌ಡಿಎಂಸಿಯವರಿಗೆ ಒಂದು ಕೆಲಸ. ಮುಂದಿನ ಸಭೆಯಲ್ಲಿ ಕಾಂಪೌಂಡು, ಪೇಂಟು ಎತ್ತುವ ಮೊದಲು ನಲಿಕಲಿ ಕೋಣೆಗೆ ಹೋಗಿ. ಏಣಿ ಗೋಡೆ ಮೇಲಿದೆಯಾ, ಕಾರ್ಡ್ ಹರಿದಿವೆಯಾ, ಮಕ್ಕಳ ಕೈಗೆ ಎಟುಕುತ್ತವಾ ನೋಡಿ. ಇಲ್ಲದಿದ್ದರೆ ಅದನ್ನೇ ಮೊದಲ ಠರಾವು ಮಾಡಿ. ಈಗ ಮೈಕನ್ನು ಅಂಗನವಾಡಿ ಅಕ್ಕೋರ ಕಡೆ ಕೊಡಿ, ಮೊದಲ ಪ್ರಶ್ನೆ ಅವರದು.