ಮಾರಾಟಕ್ಕಿರುವ ವೀಸಾ

ಕೇಳುಗರಿಗೆ ನಮಸ್ಕಾರ. ವಲಸೆ ಬಂದವರೇ ಲಂಚದ ಚಾಳಿ ತರುತ್ತಾರೆ ಅಂತ ಎಷ್ಟೋ ದೇಶಗಳಲ್ಲಿ ದೂರುತ್ತಾರೆ. ಕುವೈತ್ ಕಡೆ ಸ್ವಲ್ಪ ನೋಡೋಣ.

ಅಲ್ಲಿರುವ ಜನರಲ್ಲಿ ಮೂರರಲ್ಲಿ ಎರಡು ಪಾಲು ಹೊರಗಿನವರು. ಅವರಲ್ಲಿ ಭಾರತೀಯರೇ ಜಾಸ್ತಿ. ಮಂಗಳೂರು, ಉಡುಪಿ ಕಡೆಯವರೂ ಬೇಕಾದಷ್ಟು ಜನ ಇದ್ದಾರೆ. ಕೆಲಸಕ್ಕೆ ಹೋದವರ ಇಕಾಮಾ, ಅಂದರೆ ಅಲ್ಲಿ ಉಳಿಯುವ ಪರವಾನಗಿ, ಕಫೀಲನ, ಅಂದರೆ ವೀಸಾ ಕೊಡಿಸಿ ಕರೆಸಿಕೊಂಡ ಮಾಲೀಕನ, ಹೆಸರಿಗೆ ಕಟ್ಟಿರುತ್ತದೆ. ದಂಧೆ ಹುಟ್ಟುವುದೇ ಇಲ್ಲಿ.

ಒಬ್ಬ ಕಾಗದದ ಮೇಲೆ ಕಂಪನಿ ತೆರೆಯುತ್ತಾನೆ, ಇಷ್ಟು ಜನ ಕೆಲಸಗಾರರು ಬೇಕು ಅಂತ ಅರ್ಜಿ ಹಾಕುತ್ತಾನೆ, ಕಚೇರಿಯಲ್ಲಿ ಯಾರದೋ ಕೈ ಬೆಚ್ಚಗೆ ಮಾಡಿದರೆ ಕೆಲಸವೇ ಇಲ್ಲದ ಆ ಕಂಪನಿಗೆ ವೀಸಾ ಸಿಗುತ್ತವೆ, ಅವು ಏಜೆಂಟರ ಕೈ ದಾಟಿ ನಮ್ಮಂಥ ಊರುಗಳ ಹುಡುಗರಿಗೆ ಮಾರಾಟವಾಗುತ್ತವೆ. ಆಜಾದ್ ವೀಸಾ ಅಂತಾರೆ ಅದಕ್ಕೆ. ಅಮ್ಮನ ಬಳೆ ಅಡವಿಟ್ಟು ಹೋದ ಹುಡುಗ ಅಲ್ಲಿ ಕೆಲಸ ತಾನೇ ಹುಡುಕಿಕೊಳ್ಳಬೇಕು. ಇಕಾಮಾ ನವೀಕರಿಸುವಾಗೆಲ್ಲ ಕಫೀಲನಿಗೆ ಮತ್ತೆ ದುಡ್ಡು. ಕೊಡದಿದ್ದರೆ 'ಕೆಲಸ ಬಿಟ್ಟು ಓಡಿಹೋಗಿದ್ದಾನೆ' ಅಂತ ಒಂದು ದೂರು ಸಾಕು, ಅವನು ಅಕ್ರಮ ವಲಸಿಗನಾಗುತ್ತಾನೆ. ಪೊಲೀಸರ ಹತ್ತಿರ ಹೋಗೋಣ ಅಂದರೆ, ವೀಸಾದಲ್ಲಿರುವ ಕಂಪನಿ ಬಿಟ್ಟು ಬೇರೆ ಕಡೆ ದುಡಿದದ್ದೇ ಅವನ ಮೇಲೆ ಅಪರಾಧ. ಬಾಯಿ ಬಿಡುವ ಹಾಗಿಲ್ಲ. ಲಂಚ ತಿನ್ನುವವರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

2020ರ ಜೂನ್‌ನಲ್ಲಿ ಕುವೈತ್ ಪೊಲೀಸರು ಬಾಂಗ್ಲಾದೇಶದ ಸಂಸದ ಮೊಹಮ್ಮದ್ ಶಾಹಿದ್ ಇಸ್ಲಾಂ ಅವರನ್ನು ಬಂಧಿಸಿದರು. ಹೌದು, ಅಧಿಕಾರದಲ್ಲಿದ್ದ ಸಂಸದ! ಕೆಲಸಗಾರರನ್ನು ತರಿಸುವ ದೊಡ್ಡ ಕಂಪನಿ ಅವರದ್ದು. ಅಲ್ಲಿನ ಅಧಿಕಾರಿಗಳಿಗೆ ಲಂಚ ಕೊಟ್ಟದ್ದಕ್ಕೆ 2021ರ ಜನವರಿಯಲ್ಲಿ ನ್ಯಾಯಾಲಯ ಅವರಿಗೆ ನಾಲ್ಕು ವರ್ಷ ಜೈಲು ವಿಧಿಸಿತು. ಅದೇ ಪ್ರಕರಣದಲ್ಲಿ ಕುವೈತ್ ಒಳಾಡಳಿತ ಇಲಾಖೆಯ ಒಬ್ಬ ಮೇಜರ್ ಜನರಲ್‌ಗೂ ಶಿಕ್ಷೆಯಾಯಿತು. ಕೊಟ್ಟವರು ಹೊರಗಿನವರು, ತೆಗೆದುಕೊಂಡವರು ಆ ನೆಲದ ಅಧಿಕಾರಿಗಳು. ಆದರೆ ಆ ದುಡ್ಡು ಬಂದದ್ದು ಕೂಲಿಗೆ ಹೋದವರ ಜೇಬಿನಿಂದ, ಅಲ್ವಾ? ನನಗೆ ಸಿಟ್ಟು ಬರುವುದು ಇದಕ್ಕೇ. ದೊಡ್ಡವರನ್ನು ಹಿಡಿದದ್ದು ಒಳ್ಳೆಯದೇ, ಆದರೆ ಒಬ್ಬನ ಬದುಕು ಇನ್ನೊಬ್ಬನ ಸಹಿಗೆ ನೇತುಬಿದ್ದಿರುವ ತನಕ ಆ ಸಹಿಗೆ ಬೆಲೆ ಕಟ್ಟುವವರು ಹುಟ್ಟುತ್ತಲೇ ಇರುತ್ತಾರೆ.

ನಿಮ್ಮ ಮನೆಯಿಂದ ಯಾರಾದರೂ ಹೊರಟಿದ್ದರೆ, ಏಜೆಂಟನಿಗೆ ಲೈಸೆನ್ಸ್ ಇದೆಯಾ ಅಂತ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿ. ಅವನು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಜೊತೆಗೆ ಜಿಎಸ್‌ಟಿ. ವೀಸಾದಲ್ಲಿರುವ ಕಂಪನಿಯೂ ಕೆಲಸ ಕೊಡುವ ಕಂಪನಿಯೂ ಒಂದೇನಾ ಅಂತ ಕೇಳಿ. 'ಅಲ್ಲಿ ಹೋದ ಮೇಲೆ ಎಲ್ಲಿ ಬೇಕಾದರೂ ದುಡೀಬಹುದು' ಅಂತ ಅವನು ಅಂದರೆ, ದುಡ್ಡು ಕೊಡಬೇಡಿ. ನಮಸ್ಕಾರ.