ಗೇಮ್ ತಡವರಿಸುತ್ತಿದೆಯಾ? ಮೊದಲು ಅಳೆದು ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮಂಜೇಶ್ವರ, ಉಪ್ಪಳ, ಬದಿಯಡ್ಕ, ಪೆರ್ಲದ ಕಡೆ ಮನೆಯಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಗೇಮ್ ಮಾಡುವ ಮಕ್ಕಳಿದ್ದಾರಲ್ಲ, ಇವತ್ತಿನ ನನ್ನ ಮಾತು ಅವರಿಗೆ. ಅಂಥವರು ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಎಲ್ಲಿದ್ದಾರೆ ಅಂತ ಕೇಳಬೇಡಿ. ಇದ್ದಾರೆ. ನನ್ನ ಹತ್ತಿರ ಬರುತ್ತಲೇ ಇರುತ್ತಾರೆ. ಬಂದವರು ಕೇಳುವ ಪ್ರಶ್ನೆಯೂ ಹೆಚ್ಚು ಕಡಿಮೆ ಒಂದೇ. "ಟೀಚರ್, ಗೇಮ್ ಫೋನಿನಲ್ಲಿ ತಡವರಿಸುತ್ತದೆ. ಯಾವ ಲೈಬ್ರರಿ ಹಾಕಿದರೆ ಸರಿಯಾಗುತ್ತದೆ?"

ನಾನು ತಿರುಗಿ ಕೇಳುವುದೂ ಒಂದೇ ಮಾತು. ಅಳೆದು ನೋಡಿದ್ದೀರಾ?

ಇಲ್ಲ. ಯಾರೂ ಅಳೆದಿರುವುದಿಲ್ಲ.

ಲೈಬ್ರರಿ ಅಂದರೇನು ಅಂತ ಮನೆಯ ಹಿರಿಯರಿಗೂ ಹೇಳಿಬಿಡುತ್ತೇನೆ. ಅದು ಬೇರೆಯವರು ಮೊದಲೇ ಬರೆದಿಟ್ಟ ಕೋಡ್. ಕಲ್ಲು ಉರುಳುವುದು, ಸದ್ದು ಬರುವುದು, ಪರದೆಯಲ್ಲಿ ಚಿತ್ರ ಮೂಡುವುದು, ಇದನ್ನೆಲ್ಲ ನಾವೇ ಮೊದಲಿನಿಂದ ಬರೆಯಬೇಕಾಗಿಲ್ಲ. ಓಪನ್ ಸೋರ್ಸ್ ಅಂದರೆ ಆ ಕೋಡನ್ನು ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಬಹುದು. ಪರದೆ, ಸದ್ದು, ಕೀಲಿಗಳನ್ನು ನೋಡಿಕೊಳ್ಳುವ ಎಸ್‌ಡಿಎಲ್ ಅನ್ನುವ ಲೈಬ್ರರಿ 1998ರಿಂದ ಉಂಟು. ವಸ್ತುಗಳು ಬೀಳುವ, ಉರುಳುವ ಲೆಕ್ಕ ಮಾಡುವ ಬಾಕ್ಸ್ ಟುಡಿ ಎರಿನ್ ಕ್ಯಾಟೊ ಅವರದು, ಆಂಗ್ರಿ ಬರ್ಡ್ಸ್ ಹಕ್ಕಿಗಳು ಹಾರಿ ಬಿದ್ದದ್ದು ಅದರ ಲೆಕ್ಕದಲ್ಲೇ. ಗೇಮ್ ಮಾಡಲು ಬೇಕಾದದ್ದೆಲ್ಲ ಒಂದೇ ಕಡೆ ಇರುವ ಗೊಡಾಟ್ ಅನ್ನುವ ಇಡೀ ಎಂಜಿನ್ 2014ರಿಂದ ಎಲ್ಲರಿಗೂ ಸಿಗುತ್ತದೆ. ಒಂದು ಕಾಸೂ ಕೊಡಬೇಕಾಗಿಲ್ಲ. ಇಷ್ಟೆಲ್ಲ ಕೈಗೆಟುಕುವ ಹಾಗಿರುವಾಗ ಒಂದನ್ನು ತೆಗೆದು ಇನ್ನೊಂದನ್ನು ಹಾಕುವ ಆಸೆ ಸಹಜ. ಆದರೆ ಅಳೆಯದೆ ಬದಲಾಯಿಸಬೇಡಿ. ತೋಟದ ಕೊನೆಯ ಸಾಲಿನ ಅಡಿಕೆ ಮರಕ್ಕೆ ನೀರು ಹೋಗುತ್ತಿಲ್ಲ ಅಂದರೆ ಮೊದಲು ಪೈಪು ಎಲ್ಲಿ ಕಟ್ಟಿಕೊಂಡಿದೆ ಅಂತ ನೋಡುತ್ತೇವೆ, ಪಂಪು ಬದಲಾಯಿಸಲು ಓಡುವುದಿಲ್ಲ, ಅಲ್ವಾ?

ಏನನ್ನು ಅಳೆಯುವುದು? ಸಮಯವನ್ನು. ಗೇಮ್ ನುಣ್ಣಗೆ ಓಡಬೇಕಾದರೆ ಸೆಕೆಂಡಿಗೆ 60 ಚಿತ್ರ ಬೇಕು. ಒಂದೊಂದನ್ನೂ ಫ್ರೇಮ್ ಅನ್ನುತ್ತೇವೆ. ಸಾವಿರ ಮಿಲಿಸೆಕೆಂಡನ್ನು 60ರಿಂದ ಭಾಗಿಸಿ, ಒಂದು ಫ್ರೇಮಿಗೆ ಹದಿನಾರೂವರೆ ಮಿಲಿಸೆಕೆಂಡಿನ ಆಸುಪಾಸು ಸಿಗುತ್ತದೆ. ಆಟಗಾರ ಬೆರಳಿಟ್ಟದ್ದು, ಕಲ್ಲು ಉರುಳಿದ್ದು, ಸದ್ದು, ಚಿತ್ರ, ಅಕ್ಷರ, ಎಲ್ಲ ಕೆಲಸ ಅಷ್ಟರೊಳಗೆ ಮುಗಿಯಬೇಕು. ಮುಗಿಯದಿದ್ದರೆ ಕಣ್ಣಿಗೆ ಗೊತ್ತಾಗುತ್ತದೆ. ಆ ಸಮಯವನ್ನು ಯಾರು ತಿಂದರು ಅಂತ ತೋರಿಸುವ ಸಾಧನವೇ ಪ್ರೊಫೈಲರ್.

ಒಂದು ಉದಾಹರಣೆ ಹೇಳುತ್ತೇನೆ. ಬದಿಯಡ್ಕದ ಕಡೆಯಿಂದ ಅಣ್ಣ ತಂಗಿ ಇಬ್ಬರು ಬಂದಿದ್ದರು. ಬಹಳ ಚೆಂದದ ಗೇಮ್ ಮಾಡಿದ್ದರು. ಬೇಕಲ ಕೋಟೆ, ಗೋಡೆಯ ಮೇಲೆ ಒಬ್ಬ ಹುಡುಗ ಓಡುತ್ತಾನೆ, ಎದುರಿನಿಂದ ಕಲ್ಲು ಉರುಳಿ ಬರುತ್ತದೆ, ಕೆಳಗೆ ಕಡಲು. ಮುರಕಲ್ಲಿನ ಆ ಕೆಂಪು ಬಣ್ಣವನ್ನು ತಂಗಿ ಎಷ್ಟು ಸರಿಯಾಗಿ ಹಿಡಿದಿದ್ದಳು ಅಂದರೆ ನನಗೆ ಅಲ್ಲೇ ಖುಷಿಯಾಯಿತು. ಅಂಕ, ಸಮಯ, ಜಾಗದ ಹೆಸರು ಮೇಲೆ ಕನ್ನಡದಲ್ಲಿ, ಅದರ ಕೆಳಗೆ ಮಲಯಾಳದಲ್ಲಿ. ಲ್ಯಾಪ್‌ಟಾಪಿನಲ್ಲಿ ನೀರಿನ ಹಾಗೆ ಓಡುತ್ತಿತ್ತು. ಅಪ್ಪನ ಹಳೇ ಫೋನಿಗೆ ಹಾಕಿದರೆ ಹುಡುಗ ಕುಂಟುತ್ತಾನೆ.

ಅಣ್ಣನಿಗೆ ಅನುಮಾನ ಕಲ್ಲುಗಳ ಮೇಲೆ. ಅಷ್ಟು ಕಲ್ಲು ಉರುಳುತ್ತದಲ್ಲ, ಬಾಕ್ಸ್ ಟುಡಿಯೇ ನಿಧಾನ ಇರಬೇಕು ಅಂತ. ಅದನ್ನು ಕಿತ್ತು ಬೇರೆ ಫಿಸಿಕ್ಸ್ ಲೈಬ್ರರಿ ಹಾಕಿದ. ವಾರಗಟ್ಟಲೆ ಕೆಲಸ. ಕುಂಟುವುದು ನಿಲ್ಲಲಿಲ್ಲ. ಮೂರನೆಯದು ಯಾವುದು ಒಳ್ಳೆಯದು ಅಂತ ಕೇಳಲು ನನ್ನ ಹತ್ತಿರ ಬಂದದ್ದು.

ಮೂರನೆಯದು ಬೇಡ, ಇಲ್ಲಿ ಕೂತುಕೋ ಅಂದೆ. ಟ್ರೇಸಿ ಅನ್ನುವ ಪ್ರೊಫೈಲರ್ ಉಂಟು, ಅದೂ ಓಪನ್ ಸೋರ್ಸ್. ಅದನ್ನು ಅವರ ಗೇಮಿಗೆ ಸೇರಿಸಿದೆವು. ಅನುಮಾನ ಇರುವ ಒಂದೊಂದು ಫಂಕ್ಷನ್ನಿನ, ಅಂದರೆ ಒಂದು ಕೆಲಸ ಮಾಡುವ ಕೋಡಿನ ತುಂಡಿನ, ಮೊದಲ ಸಾಲಿನಲ್ಲಿ ಝೋನ್‌ಸ್ಕೋಪ್ಡ್ ಅಂತ ಒಂದೇ ಪದ ಬರೆಯಬೇಕು, ಅಷ್ಟೇ. ಫೋನಿಗೆ ಕೇಬಲ್ ಹಾಕಿ ಗೇಮ್ ಓಡಿಸಿದೆವು. ಲ್ಯಾಪ್‌ಟಾಪಿನ ಪರದೆಯಲ್ಲಿ ಬಣ್ಣದ ಪಟ್ಟಿಗಳು ಓಡತೊಡಗಿದವು. ಪಟ್ಟಿ ಉದ್ದ ಇದ್ದಷ್ಟೂ ಆ ಕೆಲಸಕ್ಕೆ ಹಿಡಿದ ಸಮಯ ಜಾಸ್ತಿ. ಒಂದು ಫ್ರೇಮ್ ನಿಲ್ಲಿಸಿ ಹತ್ತಿರದಿಂದ ನೋಡಿದೆವು. ಕಲ್ಲುಗಳ ಲೆಕ್ಕದ ಪಟ್ಟಿ ಎಲ್ಲಿ? ಹುಡುಕಬೇಕಾಯಿತು. ಒಂದು ಮಿಲಿಸೆಕೆಂಡೂ ಇರಲಿಲ್ಲ. ಅರ್ಧಕ್ಕಿಂತ ಜಾಸ್ತಿ ಜಾಗ ಹಿಡಿದ ಉದ್ದನೆಯ ಪಟ್ಟಿ ಒಂದಿತ್ತು. ಅದು ಅಕ್ಷರಗಳದ್ದು!

ಆಗಿದ್ದೇನೆಂದರೆ, ಅಂಕ, ಸಮಯ, ಜಾಗದ ಹೆಸರು, ಇವನ್ನೆಲ್ಲ ಪ್ರತಿ ಫ್ರೇಮಿನಲ್ಲೂ ಹೊಸದಾಗಿ ಜೋಡಿಸಿ, ಚಿತ್ರ ಮಾಡಿ, ಗ್ರಾಫಿಕ್ಸ್ ಚಿಪ್ಪಿಗೆ ಕಳಿಸಿ, ಮರುಕ್ಷಣ ಬಿಸಾಡುತ್ತಿದ್ದರು. ಸೆಕೆಂಡಿಗೆ 60 ಸಲ, ಎರಡೆರಡು ಭಾಷೆಯಲ್ಲಿ. ಬದಲಾದಾಗ ಮಾತ್ರ ಹೊಸ ಚಿತ್ರ ಮಾಡಿ, ಉಳಿದ ಹೊತ್ತು ಹಳೆಯದನ್ನೇ ತೋರಿಸಿ ಅಂದೆ. ಸಮಯ ಸೆಕೆಂಡಿಗೆ ಒಮ್ಮೆ ಬದಲಾಗುತ್ತದೆ, ಜಾಗದ ಹೆಸರು ಬದಲಾಗುವುದು ಯಾವಾಗಲೋ ಒಮ್ಮೆ. ತಂಗಿ ಅಲ್ಲೇ ಕೂತು ತಿದ್ದಿದಳು. ಅಪ್ಪನ ಫೋನಿನಲ್ಲಿ ಹುಡುಗ ಓಡಿದ. ಬಾಕ್ಸ್ ಟುಡಿ ವಾಪಸ್ ಬಂತು.

ತಿದ್ದುವುದಕ್ಕೆ ಮೊದಲು ಅಣ್ಣ ಒಂದು ಮಾತು ಹೇಳಿದ್ದ. "ಹಾಗಾದರೆ ಕನ್ನಡ, ಮಲಯಾಳ ತೆಗೆದುಬಿಡೋಣ ಟೀಚರ್, ಇಂಗ್ಲಿಷ್ ಸಾಕು." ಅದೇಕೆ? ಕನ್ನಡದ ತಪ್ಪೇನಿದೆ? ನಮ್ಮ ಅಕ್ಷರಕ್ಕೆ ಒತ್ತು ಉಂಟು, ಅದನ್ನು ಸರಿಯಾದ ಜಾಗದಲ್ಲಿ ಕೂರಿಸುವ ಕೆಲಸವನ್ನು ಹಾರ್ಫ್‌ಬಝ್ ಅನ್ನುವ ಓಪನ್ ಸೋರ್ಸ್ ಲೈಬ್ರರಿ ಮಾಡುತ್ತದೆ. ಅದಿಲ್ಲದಿದ್ದರೆ ಬದಿಯಡ್ಕದ ಡ್ಕ ಒಡೆದು ಎರಡಾಗುತ್ತದೆ, ಮಂಜೇಶ್ವರದ ಶ್ವ ಕೂಡ. ಹಾಗಾಗಿ ಲೈಬ್ರರಿ ಆರಿಸುವಾಗ ನಮ್ಮ ಊರಿನವರು ಮಾಡಬೇಕಾದ ಮೊದಲ ಪರೀಕ್ಷೆ ಇದು: ನಿಮ್ಮ ಊರಿನ ಹೆಸರು ಬರೆಸಿ ನೋಡಿ. ರೇಲಿಬ್ ಅನ್ನುವ ಗೇಮ್ ಲೈಬ್ರರಿ ಕಲಿಯಲು ಬಹಳ ಸುಲಭ, ನನಗೂ ಇಷ್ಟ, ಆದರೆ ಅದರ ಅಕ್ಷರ ಬರೆಯುವ ಫಂಕ್ಷನ್ ಒತ್ತು ಕೂರಿಸುವುದಿಲ್ಲ. ಗೊಡಾಟ್ 4 ಕೂರಿಸುತ್ತದೆ. ಎಸ್‌ಡಿಎಲ್ ಜೊತೆ ಅಕ್ಷರ ಬರೆಯಲು ಬಳಸುವ ಟಿಟಿಎಫ್ ಲೈಬ್ರರಿಯನ್ನು ಹಾರ್ಫ್‌ಬಝ್ ಸೇರಿಸಿ ಕಟ್ಟಿದರೆ ಅದೂ ಕೂರಿಸುತ್ತದೆ.

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಲೈಬ್ರರಿ ಇಳಿಸಿದ ಕೂಡಲೇ ಲೈಸೆನ್ಸ್ ಅನ್ನುವ ಫೈಲ್ ಓದಿ. ಎಂಐಟಿ, ಝಡ್‌ಲಿಬ್ ಅಂತಿದ್ದರೆ ಗೇಮ್ ಮಾರಲು ತೊಂದರೆ ಇಲ್ಲ. ಜಿಪಿಎಲ್ ಅಂತಿದ್ದರೆ ಗೇಮ್ ಹಂಚುವಾಗ ನಿಮ್ಮ ಕೋಡನ್ನೂ ಕೊಡಬೇಕಾಗುತ್ತದೆ.

ಅಳೆಯುವಾಗ ತಪ್ಪು ಹುಡುಕಲು ಮಾಡಿದ ಡೀಬಗ್ ಬಿಲ್ಡ್ ಬೇಡ, ಆಟಗಾರರಿಗೆ ಕೊಡುವ ರಿಲೀಸ್ ಬಿಲ್ಡ್ ಅಳೆಯಿರಿ. ಸೆಕೆಂಡಿಗೆ ಸರಾಸರಿ ಇಷ್ಟು ಫ್ರೇಮ್ ಬಂತು ಅಂತ ಸಮಾಧಾನಪಡಬೇಡಿ, ಎಲ್ಲಕ್ಕಿಂತ ನಿಧಾನವಾದ ಫ್ರೇಮ್ ಯಾವುದು ಅಂತ ಹುಡುಕಿ. ನಿಮ್ಮ ಹೊಸ ಫೋನಿನಲ್ಲಿ ಅಳೆಯಬೇಡಿ, ಮನೆಯಲ್ಲಿರುವ ಅತಿ ಹಳೆಯ ಫೋನಿನಲ್ಲಿ ಅಳೆಯಿರಿ. ಗೊಡಾಟ್ ಬಳಸುವವರಿಗೆ ಡೀಬಗರ್ ಪ್ಯಾನೆಲ್ಲಿನಲ್ಲೇ ಪ್ರೊಫೈಲರ್ ಇದೆ, ಬೇರೆ ಏನೂ ಇಳಿಸಬೇಕಾಗಿಲ್ಲ. ಲಿನಕ್ಸ್ ಇರುವವರಿಗೆ ಪರ್ಫ್ ಅನ್ನುವ ಪ್ರೊಫೈಲರ್ ಇದೆ.

ತೊಂದರೆ ಚಿತ್ರಗಳಲ್ಲಿದ್ದರೆ ರೆಂಡರ್‌ಡಾಕ್ ಅನ್ನುವ ಸಾಧನ ತೆಗೆದುಕೊಳ್ಳಿ. ಅದು ಒಂದು ಫ್ರೇಮನ್ನು ಹಿಡಿದು, ಯಾವ ಚಿತ್ರ ಯಾವ ಕ್ರಮದಲ್ಲಿ ಮೂಡಿತು, ಎಷ್ಟು ದೊಡ್ಡದು ಅಂತ ಬಿಡಿಸಿ ತೋರಿಸುತ್ತದೆ. ಉದ್ದಗಲ 4096 ಪಿಕ್ಸೆಲ್ ಇರುವ ಒಂದು ಚಿತ್ರವನ್ನು ಕುಗ್ಗಿಸದೆ ಹಾಕಿದರೆ ಅದೊಂದಕ್ಕೇ 64 ಎಂಬಿ ಮೆಮೊರಿ ಬೇಕು. ಬೆರಳಿನಷ್ಟು ಗಾತ್ರದ ನಾಣ್ಯಕ್ಕೆ ಅಂಥ ಚಿತ್ರ ಹಾಕಿದವರನ್ನು ನೋಡಿದ್ದೇನೆ.

ಟ್ರೇಸಿಯ ಕೈಪಿಡಿ ಪಿಡಿಎಫ್ ರೂಪದಲ್ಲಿ ಅದರ ಜೊತೆಗೇ ಸಿಗುತ್ತದೆ. ದೊಡ್ಡ ಪುಸ್ತಕ, ಹೆದರಬೇಡಿ. ಶುರುವಿನ ಕೆಲವು ಪುಟ ಓದಿ, ಒಂದು ಫಂಕ್ಷನ್ನಿಗೆ ಆ ಒಂದು ಪದ ಸೇರಿಸಿ, ಇವತ್ತು ರಾತ್ರಿಯೇ ಓಡಿಸಿ ನೋಡಿ. ನಮಸ್ಕಾರ.